ವ್ಯಾಪಾರಿ ಜಾಲತಾಣಗಳು: ಸ್ಟೋರೇಜ್ ಎಂಜಿನ್ ಆಯ್ಕೆ

ವರ್ಡ್‌ಪ್ರೆಸ್, ಜೂಮ್ಲಾ ಮುಂತಾದ ತಂತ್ರಾಂಶಗಳಿಂದ ರೂಪಿಸಿದ ಜಾಲತಾಣಗಳ ಸರಕುಪಟ್ಟಿ, ದರ ಹಾಗೂ ಆರ್ಡರುಗಳ ವಿವರಗಳು ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿರುತ್ತವೆ. ಅವನ್ನು ಡಿಸ್ಕ್‌ನಲ್ಲಿ ಬರೆದಿಡುವ ಭಾಗವೇ ಸ್ಟೋರೇಜ್ ಎಂಜಿನ್.

ಹಳೆಯ ಮೈಐಸ್ಯಾಮ್ ಎಂಜಿನ್ ಒಂದು ಸಾಲನ್ನು ತಿದ್ದುವಾಗಲೂ ಇಡೀ ಕೋಷ್ಟಕಕ್ಕೆ ಬೀಗ ಹಾಕುತ್ತದೆ. ನಡುವೆ ವಿದ್ಯುತ್ ಕಡಿತವಾದರೆ ಕೋಷ್ಟಕವೇ ಕೆಡಬಹುದು. ಇನ್ನೋಡಿಬಿ ಸಾಮಾನ್ಯವಾಗಿ ಆ ಸಾಲಿಗಷ್ಟೇ ಬೀಗ ಹಾಕುತ್ತದೆ. ಆರ್ಡರಿನ ದಾಖಲೆಯನ್ನೂ ದಾಸ್ತಾನಿನ ಇಳಿಕೆಯನ್ನೂ ಒಂದೇ ವಹಿವಾಟಾಗಿ ಅಳವಡಿಸಿದ್ದರೆ, ಎರಡೂ ಪೂರ್ಣಗೊಳ್ಳುತ್ತವೆ, ಇಲ್ಲವೇ ಎರಡೂ ರದ್ದಾಗುತ್ತವೆ. ಮೈಐಸ್ಯಾಮ್‌ನಲ್ಲಿ ಈ ಸೌಲಭ್ಯವಿಲ್ಲ.

2010ರಲ್ಲಿ ಬಂದ 5.5ನೇ ಆವೃತ್ತಿಯಿಂದ ಇನ್ನೋಡಿಬಿಯೇ ಪೂರ್ವನಿಯೋಜಿತ ಎಂಜಿನ್. ಆದರೆ ಅದಕ್ಕೂ ಹಿಂದಿನ ಕೋಷ್ಟಕಗಳು ತಾವಾಗಿ ಬದಲಾಗುವುದಿಲ್ಲ. ಆದ್ದರಿಂದ ಹಳೆಯ ಜಾಲತಾಣವುಳ್ಳ ವರ್ತಕರು ತಮ್ಮ ಕೋಷ್ಟಕಗಳ ಎಂಜಿನ್ ಯಾವುದೆಂದು ತಂತ್ರಜ್ಞರಿಂದ ಪರಿಶೀಲಿಸಿಕೊಂಡು, ಸಮಗ್ರ ಬ್ಯಾಕಪ್ ತೆಗೆದಿರಿಸಿದ ನಂತರವೇ ಅದನ್ನು ಬದಲಾಯಿಸುವುದು ಸೂಕ್ತ.