ಯಕೃತ್ತಿನ ರೋಗಿಗಳೂ ಅನ್ನನಾಳದ ತಪಾಸಣೆಯೂ

ಗದಗಿನ ಮಗ್ಗುಲಿನ ಕಣಗಿನಹಾಳದ ಹೆಸರನ್ನು ಸಹಕಾರದ ಇತಿಹಾಸ ಬಲ್ಲವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1904ರ ಕಾಯದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಂಘವನ್ನು ಕಟ್ಟಿದರು. ಸಾಲವು ಮನೆಯನ್ನು ನುಂಗುವ ಮುಂಚೆಯೇ ಅದರ ಲೆಕ್ಕ ನೋಡಬೇಕೆಂಬುದನ್ನು ನಾಡಿಗೆ ಕಲಿಸಿದ ಸೀಮೆಯಿದು. ಇಲ್ಲಿಯ ವಾಚಕರ ಮುಂದೆ ನಾವು ಇಂದು ದೇಹದೊಳಗಿನ ಒಂದು ಲೆಕ್ಕವನ್ನು ಇಡಬಯಸುತ್ತೇವೆ.

ಮದ್ಯದಿಂದಾಗಲಿ, ಹೆಪಟೈಟಿಸ್ ಬಿ, ಸಿ ವಿಷಾಣುಗಳಿಂದಾಗಲಿ, ಸಕ್ಕರೆರೋಗ ಬೊಜ್ಜುಗಳೊಡನೆ ಬರುವ ಕೊಬ್ಬಿನಿಂದಾಗಲಿ ಯಕೃತ್ತು ಬಹುಕಾಲ ಕೆಟ್ಟು ಗಂಟುಗಂಟಾಗಿ ಬಿರುಸಾದರೆ, ಕರುಳು ಗುಲ್ಮಗಳಿಂದ ಅದಕ್ಕೆ ಹರಿದುಬರುವ ರಕ್ತಕ್ಕೆ ಹಾದಿ ಸಾಲದಾಗುವದು. ಒಡ್ಡು ಬಿದ್ದ ಹಳ್ಳದ ನೀರು ಮಗ್ಗುಲಿನ ಹೊಲಕ್ಕೆ ನುಗ್ಗುವಂತೆ ಆ ರಕ್ತವು ಜಠರದ ಮೇಲ್ಭಾಗದ ಮತ್ತು ಅನ್ನನಾಳದ ಕೆಳತುದಿಯ ತೆಳುವಾದ ಸಿರೆಗಳಿಗೆ ನುಗ್ಗಿ ಅವನ್ನು ಉಬ್ಬಿಸುವದು. ಯಕೃತ್ತಿನ ಆಚೆ ಈಚೆಯ ಒತ್ತಡದ ಅಂತರವು ಪಾದರಸದ 5 ಮಿಲಿಮೀಟರಿನೊಳಗೆ ಇರತಕ್ಕದ್ದು. 10 ಮುಟ್ಟಿದರೆ ಸಿರೆ ಉಬ್ಬುವ ಸಂಭವ, 12ಕ್ಕೆ ಏರಿದರೆ ಒಡೆಯುವ ಭಯ. ಇಷ್ಟಾದರೂ ರೋಗಿಗೆ ನೋವಿಲ್ಲ, ಸುಳಿವಿಲ್ಲ. ಒಡೆದ ಮೇಲೆ ಆರು ವಾರಗಳೊಳಗೆ ನೂರಕ್ಕೆ 15ರಿಂದ 20 ಜನರು ತೀರಿಹೋಗುವರು.

ಎಂಡೋಸ್ಕೋಪಿನ ನಳಿಕೆಯಲ್ಲಿ ನೋಡಿದ ವೈದ್ಯರು "ಉಬ್ಬು ಸಣ್ಣದಿದೆ" ಎಂದರೆ ಮನೆಯವರು ಆ ಚೀಟಿಯನ್ನು ಗೂಟಕ್ಕೆ ಸಿಕ್ಕಿಸಿ ಮರೆಯುವದೇ ಹೆಚ್ಚು. ಸಣ್ಣದೆಂದರೆ 5 ಮಿಲಿಮೀಟರಿಗಿಂತ ಕಿರಿದು. ಇದಕ್ಕೆ ರಬ್ಬರ್ ಪಟ್ಟಿ ಬಿಗಿಯುವ ಕಾರಣವಿಲ್ಲ. ಆದರೆ ವರ್ಷವೊಂದಕ್ಕೆ ನೂರರಲ್ಲಿ ಸುಮಾರು ಹತ್ತು ಜನರ ಸಣ್ಣ ಉಬ್ಬು ದೊಡ್ಡದಾಗುವದು. ಉಬ್ಬಿನ ಮೇಲೆ ಕೆಂಪು ಗುರುತು ಕಂಡರೆ, ಇಲ್ಲವೆ ಯಕೃತ್ತು ತೀರ ಸೋತಿದ್ದರೆ, ಸಣ್ಣದಾದರೂ ಗುಳಿಗೆ ಬೇಕು. ಫ್ರಾನ್ಸಿನ ಲೆಬ್ರೆಕ್ ಎಂಬವರು 1981ರಲ್ಲಿ ಪ್ರೊಪ್ರನೊಲಾಲ್ ಮದ್ದು ಮತ್ತೆ ಮತ್ತೆ ಆಗುವ ರಕ್ತಸ್ರಾವವನ್ನು ತಡೆಯುವದೆಂದು ತೋರಿಸಿದರು. ಈಗ ವೈದ್ಯರು ಕಾರ್ವೆಡಿಲಾಲನ್ನು ಹೆಚ್ಚಾಗಿ ಮೆಚ್ಚುವರು. ದಮ್ಮು ಉಳ್ಳವರಿಗೆ, ರಕ್ತದೊತ್ತಡ ಬಹಳ ಕಡಿಮೆಯಿದ್ದವರಿಗೆ ಇವು ಸಲ್ಲವು. ಗುಳಿಗೆಯನ್ನು ತಾನಾಗಿ ಆರಂಭಿಸುವದೂ ಸಲ್ಲದು, ಥಟ್ಟನೆ ಬಿಡುವದೂ ಸಲ್ಲದು.

ಗುಳಿಗೆ ಇಲ್ಲದವರು ಮೂಲಕಾರಣ ಇನ್ನೂ ಜಾರಿಯಲ್ಲಿದ್ದರೆ ವರ್ಷಕ್ಕೊಮ್ಮೆ, ಅದು ನಿಂತಿದ್ದರೆ ಎರಡು ವರ್ಷಕ್ಕೊಮ್ಮೆ ನಳಿಕೆ ಹಾಕಿಸಿ ನೋಡಬೇಕು. ಎಲ್ಲ ರೋಗಿಗಳಿಗೂ ಇದು ಬೇಕಿಲ್ಲ. ರೋಗ ಇನ್ನೂ ತೊಡಕಿಗೆ ಬಾರದೆ, ರಕ್ತದ ಪ್ಲೇಟ್‌ಲೆಟ್ಟುಗಳು ಒಂದೂವರೆ ಲಕ್ಷ ಮೀರಿ, ಯಕೃತ್ತಿನ ಬಿರುಸು ಯಂತ್ರದ ಅಳತೆಯಲ್ಲಿ 20 ಕಿಲೋಪಾಸ್ಕಲಿಗಿಂತ ಕಡಿಮೆಯಿದ್ದವರು ಸದ್ಯಕ್ಕೆ ಬಿಡಬಹುದು. ನಳಿಕೆಯ ಹೆಸರು ಕೇಳಿಯೇ ಕೈಮುಗಿಯುವ ಮಹಾಶಯರಿಗೆ ಇದು ಸಮಾಧಾನದ ಸುದ್ದಿ.

ಎಲ್ಲಕ್ಕೂ ಮೊದಲು ಮೂಲವನ್ನೇ ಕಡಿಯಬೇಕು. ಮದ್ಯವನ್ನು ಪೂರ್ಣ ಬಿಡುವದು. ಕಾಮಣಿಗೆಂದು ಎಲೆರಸ ಕುಡಿದು ಕಾಲ ಕಳೆಯದಿರುವದು. ಹೆಪಟೈಟಿಸ್ ಸಿ ಈಗ ಬಹುತೇಕ ಹನ್ನೆರಡು ವಾರಗಳ ಗುಳಿಗೆಯಿಂದ ಗುಣವಾಗುವ ರೋಗ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದರ ಔಷಧವನ್ನು ಸರಕಾರವೇ ಪುಕ್ಕಟೆಯಾಗಿ ಕೊಡುತ್ತಿದೆ.

ರಕ್ತ ಕಾರಿದರೆ, ಡಾಂಬರಿನಂತೆ ಕರಿ ಮಲ ಹೋದರೆ ಬೆಳಗಾಗುವದನ್ನು ಕಾಯಲಾಗದು. ಹನ್ನೆರಡು ತಾಸಿನೊಳಗೆ ಎಂಡೋಸ್ಕೋಪಿ ಆಗಬೇಕೆಂಬುದು ವೈದ್ಯರ ಕಟ್ಟಳೆ. ಮುಂಡರಗಿಯ ರೋಗಿ ಗದಗಿಗೆ ಬಂದು, ಅಲ್ಲಿಂದ ಹುಬ್ಬಳ್ಳಿಗೆ ಹೊರಡಬೇಕಾದರೆ ಆ ತಾಸುಗಳು ಹಾದಿಯಲ್ಲಿಯೇ ತೀರುವವು. 2015ರಿಂದ ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜೇ ಇರುವಾಗ, ಪಟ್ಟಿ ಬಿಗಿಯುವ ಏರ್ಪಾಡು ಅಲ್ಲಿ ಹಗಲಿರುಳು ದೊರೆಯುವಂತೆ ನೋಡುವದು ಅಧಿಕಾರಿಗಳ ಹೊಣೆ.

ಸಹಕಾರಿ ರೈತರ ಶಸ್ತ್ರಕ್ರಿಯೆಯ ವೆಚ್ಚಕ್ಕೆಂದು 2003ರಲ್ಲಿ ಹುಟ್ಟಿದ ಯಶಸ್ವಿನಿ ಯೋಜನೆಯು 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. ಸಂತೋಷವೇ. ಆದರೆ ಸಂಘಗಳು ಇನ್ನೊಂದು ಹೆಜ್ಜೆ ಮುಂದಿಡಬಹುದು. ವಾರ್ಷಿಕ ಸಭೆಯ ದಿನ ಸದಸ್ಯರು ಹೇಗೂ ಒಂದೆಡೆ ಕೂಡುವರು. ಅಂದೇ ಆರೋಗ್ಯ ಇಲಾಖೆಯವರನ್ನು ಕರೆಸಿ ಬಿ, ಸಿ ವಿಷಾಣುಗಳ ರಕ್ತಪರೀಕ್ಷೆ ಮಾಡಿಸುವದು ಭಾರವಾದ ಕೆಲಸವಲ್ಲ. ಕಣಗಿನಹಾಳದವರು ಇದನ್ನು ಮೊದಲು ಮಾಡಲೆಂದು ನಾವು ಕೇಳುತ್ತೇವೆ.