ವಿಕ್ಟರ್ ಫೆಲ್ಡ್‌ಮನ್ನನ ವಾದ್ಯದ್ವಯ

ಲೋಹದ ಪಟ್ಟಿಗಳನ್ನು ಕೋಲುಗಳಿಂದ ತಾಡಿಸಿ ನುಡಿಸತಕ್ಕ ವಾದ್ಯವು ವೈಬ್ರಫೋನು. ಪಟ್ಟಿಗಳ ಕೆಳಗಿನ ಕೊಳವೆಗಳು ನಾದವನ್ನು ಪುಷ್ಟಿಗೊಳಿಸುವುವು. ಅವುಗಳ ಬಾಯಲ್ಲಿ ತಿರುಗುವ ಬಿಲ್ಲೆಗಳು ಅದಕ್ಕೆ ಕಂಪನವನ್ನು ಕೊಡುವುವು. ಪಿಯಾನೋವಿನಲ್ಲಿಯೂ ತಂತಿಗಳನ್ನು ಸುತ್ತಿಗೆಗಳೇ ಹೊಡೆಯುವುದರಿಂದ ಇವೆರಡೂ ಒಂದು ಬಗೆಯಲ್ಲಿ ಸಗೋತ್ರಗಳು. ಜಾಝ್ ಸಂಗೀತದಲ್ಲಿ ಎರಡನ್ನೂ ಸಾಧಿಸಿದವರಲ್ಲಿ ವಿಕ್ಟರ್ ಫೆಲ್ಡ್‌ಮನ್ (1934–1987) ಗಣ್ಯನು.

ಲಂಡನ್ನಿನಲ್ಲಿ ಜನಿಸಿದ ಈತನು ಮೊದಲು ಡ್ರಮ್ ವಾದನದಲ್ಲಿ ಬಾಲಪ್ರತಿಭೆಯೆಂದು ಹೆಸರಾದನು. 1944ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಗ್ಲೆನ್ ಮಿಲ್ಲರನ ಸೈನಿಕ ವಾದ್ಯವೃಂದದೊಡನೆ ನುಡಿಸಿದನು. 1955ರಲ್ಲಿ ಅಮೆರಿಕೆಗೆ ಹೋಗಿ ವುಡಿ ಹರ್ಮನ್ನನ ತಂಡದಲ್ಲಿ ವೈಬ್ರಫೋನ್ ವಾದಕನಾದನು. 1960ರಲ್ಲಿ ಕ್ಯಾನನ್‌ಬಾಲ್ ಆಡರ್ಲಿಯ ತಂಡವನ್ನು ಸೇರಿ ಮುಖ್ಯವಾಗಿ ಪಿಯಾನೋವನ್ನು ನುಡಿಸಿದನು.

1963ರಲ್ಲಿ ಮೈಲ್ಸ್ ಡೇವಿಸನು ಈತನನ್ನು ತನ್ನ ತಂಡಕ್ಕೆ ಕರೆದನು. ಊರೂರು ಸಂಚಾರಕ್ಕಿಂತ ಲಾಸ್ ಏಂಜಲೀಸಿನ ಧ್ವನಿಮುದ್ರಣಶಾಲೆಗಳ ಸ್ಥಿರವೃತ್ತಿಯೇ ಲೇಸೆಂದು ಬಗೆದು ಈತನು ಒಪ್ಪಲಿಲ್ಲ. ಆ ಸ್ಥಾನವು ಹರ್ಬಿ ಹ್ಯಾನ್‌ಕಾಕನಿಗೆ ದೊರೆಯಿತು. ಡೇವಿಸನೊಡನೆ ಫೆಲ್ಡ್‌ಮನ್ನನು ರಚಿಸಿದ ‘ಸೆವೆನ್ ಸ್ಟೆಪ್ಸ್ ಟು ಹೆವನ್’ ಎಂಬ ಕೃತಿಯು ಅದೇ ಹೆಸರಿನ ಮುದ್ರಿಕೆಯಲ್ಲಿ ಹ್ಯಾನ್‌ಕಾಕನ ಕೈಯಿಂದಲೇ ಕೇಳಿಬರುತ್ತದೆ. ನಿಧಾನಗತಿಯ ಮೂರು ಕೃತಿಗಳಲ್ಲಿ ಮಾತ್ರ ರಚಕನ ಪಿಯಾನೋ ಉಳಿದಿದೆ. ಕೀರ್ತಿಪೀಠವನ್ನು ಬೇಡವೆಂದವನ ರಚನೆಯು ಜಾಝ್ ವಾದಕರಲ್ಲಿ ಬಳಕೆಯ ಪಾಠವಾಗಿ ನಿಂತಿತು. ವಾದಕನ ಬಾಳನ್ನು ಅವನು ಏರಿದ ವೇದಿಕೆಗಳಿಂದ ಮಾತ್ರ ಅಳೆಯತಕ್ಕದ್ದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.