ತಲೆಸುತ್ತು: ಕಿವಿಯದೋ, ಮಿದುಳಿನದೋ?

ಅಂಗಳದಲ್ಲಿ ಗಿರಗಿರನೆ ಸುತ್ತಿ ತಟ್ಟನೆ ನಿಂತ ಮಗುವಿಗೆ ಮನೆ, ಮರ ಎಲ್ಲವೂ ತಿರುಗುತ್ತಿರುವಂತೆ ತೋರುತ್ತದೆ. ಇದಕ್ಕೆ ಕಾರಣ ಜಡತ್ವ. ಲೋಟದ ನೀರನ್ನು ಕದಡಿ ಚಮಚ ತೆಗೆದ ಮೇಲೂ ನೀರು ಸುತ್ತುತ್ತಲೇ ಇರುತ್ತದಲ್ಲವೆ? ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವದ ಕಥೆಯೂ ಅದೇ. ದೇಹ ನಿಂತರೂ ದ್ರವ ನಿಲ್ಲದು. ಮಿದುಳು ಅದರ ಮಾತನ್ನೇ ನಂಬುತ್ತದೆ. ಈ ಅಂಗದ ಅಧ್ಯಯನಕ್ಕಾಗಿ ವಿಯೆನ್ನಾದ ರಾಬರ್ಟ್ ಬರಾನಿಗೆ 1914ರ ನೊಬೆಲ್ ಪ್ರಶಸ್ತಿ ಬಂತು. ಆ ಸುದ್ದಿ ತಲುಪಿದಾಗ ಆತ ರಷ್ಯನ್ನರ ಯುದ್ಧಕೈದಿ!

ಮನೆಯ ಹಿರಿಯರಿಗೆ ತಲೆ ಸುತ್ತಿದರೆ ಮಾತ್ರ ನಾವು ಅದನ್ನು ಪಿತ್ತವೆಂದು ಕರೆದು, ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸಿಬಿಡುತ್ತೇವೆ. ಅನೇಕ ಸಲ ಅದು ಕಿವಿಯದೇ ತೊಂದರೆ. ನಾಳಗಳ ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಅತಿ ಸಣ್ಣ ಹರಳುಗಳಿವೆ. ವಯಸ್ಸಾದಂತೆ ಕೆಲವು ಕಳಚಿ ನಾಳದೊಳಗೆ ಜಾರುತ್ತವೆ. ಆಗ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದ ಕಡೆ ಕತ್ತೆತ್ತಿದರೆ ಕೋಣೆಯೇ ತಿರುಗುತ್ತದೆ. ಅಲುಗಾಡದೆ ಇದ್ದರೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಜಾರಿಸುವ ವಿಧಾನ ವೈದ್ಯರಲ್ಲಿದೆ. ಇದಕ್ಕೆ ಮಾತ್ರೆಗಿಂತ ಅದೇ ಮೇಲು.

ಅಂಜಬೇಕಾದದ್ದು, ಇದ್ದಕ್ಕಿದ್ದಂತೆ ಆರಂಭವಾಗಿ ಗಂಟೆಗಟ್ಟಲೆ ಬಿಡದ ಸುತ್ತಿಗೆ. ಒಳಕಿವಿಯ ನರ ಊದಿಕೊಂಡರೂ ಹೀಗಾಗುತ್ತದೆ, ಹಿಮ್ಮಿದುಳಿನ ರಕ್ತನಾಳ ಕಟ್ಟಿಕೊಂಡರೂ ಹೀಗೆಯೇ. ಲಕ್ವವೆಂದರೆ ಕೈಕಾಲು ಬೀಳಲೇಬೇಕು, ಬಾಯಿ ಸೊಟ್ಟಗಾಗಲೇಬೇಕು ಎಂಬುದು ನಮ್ಮ ಎಣಿಕೆ. ಆದರೆ ಸಮತೋಲನ ಕಾಯುವ ಅನುಮಸ್ತಿಷ್ಕಕ್ಕೆ ರಕ್ತ ನಿಂತಾಗ ಕೈಕಾಲಿನ ಬಲವೆಲ್ಲ ಇದ್ದೂ ಮನುಷ್ಯ ಆಸರೆಯಿಲ್ಲದೆ ನಿಲ್ಲಲಾರ. ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು, ಹೊಸದಾಗಿ ಬಂದ ತೀವ್ರ ತಲೆನೋವು ಅಥವಾ ಕತ್ತುನೋವು, ಇವುಗಳಲ್ಲಿ ಒಂದಿದ್ದರೂ ಸಂಜೆಯವರೆಗೆ ಕಾಯುವಂತಿಲ್ಲ.

ಸುತ್ತು ಬಿಡದೆ ಇರುವಾಗಲೇ ವೈದ್ಯರು ಮಾಡುವ ಒಂದು ಪರೀಕ್ಷೆ ಸ್ವಾರಸ್ಯಕರ. ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ ರೋಗಿಯ ತಲೆಯನ್ನು ಚಕ್ಕನೆ ತುಸು ತಿರುಗಿಸುತ್ತಾರೆ. ಕಿವಿಯ ನರ ಕೆಟ್ಟಿದ್ದರೆ ಕಣ್ಣು ಗುರಿ ತಪ್ಪಿ ಮತ್ತೆ ಜಿಗಿದು ಬರುತ್ತದೆ. ಗುರಿ ತಪ್ಪದಿದ್ದರೆ ಲಕ್ವದ ಶಂಕೆ ಹೆಚ್ಚುತ್ತದೆ. ಇಲ್ಲಿ ಕಣ್ಣು ಸರಿಯಿರುವುದೇ ಕೆಟ್ಟ ಸುದ್ದಿ! (ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡಬಾರದು.) ಈ ಭಾಗದ ಲಕ್ವವನ್ನು ಸಿ.ಟಿ. ಸ್ಕ್ಯಾನ್ ಮೊದಮೊದಲು ಅನೇಕ ಸಲ ತೋರಿಸದು; ಹಾಗಾಗಿ ಪರೀಕ್ಷಿಸುವ ಕೈಗೆ ಇಷ್ಟು ಬೆಲೆ.

ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108ಕ್ಕೆ ಕರೆ ಮಾಡಿ. ನುಂಗುವ ಶಕ್ತಿ ಕುಂದಿದ್ದರೆ ಪಾನಕ ಶ್ವಾಸನಾಳಕ್ಕೆ ಇಳಿದೀತು. ಬಾಯಿಗೆ ಏನನ್ನೂ ಹಾಕಬೇಡಿ. ಸುತ್ತು ಎಷ್ಟು ಗಂಟೆಗೆ ಶುರುವಾಯಿತೆಂದು ಬರೆದಿಟ್ಟುಕೊಳ್ಳಿ, ವೈದ್ಯರು ತಪ್ಪದೆ ಕೇಳುತ್ತಾರೆ.